ಒಂದೇ ಪ್ಯಾಕೆಟ್, ಮೂರು ಹೊಲ: ಲಘು ಪೋಷಕಾಂಶದ ಪುಡಿ ಕೊಂಡ ಕಥೆ

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬರೆಯುವುದಿಲ್ಲ. ಅಂಗಡಿಯ ಹೆಸರೂ ಬೇಡ. ಲಘು ಪೋಷಕಾಂಶ, ಅಂದರೆ ಗಿಡಕ್ಕೆ ಚೂರೇ ಚೂರು ಬೇಕಾಗುವ ಜಿಂಕ್, ಕಬ್ಬಿಣದಂಥವು, ಅವುಗಳ ಪುಡಿ. ಹಸಿರು ಪ್ಯಾಕೆಟ್ ಅಂತ ಕರೆಯೋಣ. ಒಂದು ಕೆಜಿ ತೂಕ, 520 ರೂಪಾಯಿ. ಮುಂದುಗಡೆ ದೊಡ್ಡದಾಗಿ ಮೆಕ್ಕೆಜೋಳದ ತೆನೆ, ಪಕ್ಕದಲ್ಲಿ ಟೊಮ್ಯಾಟೊ, ಭತ್ತ, ದಾಳಿಂಬೆ, ಮೂಲೆಯಲ್ಲಿ ಯಾಕೋ ಒಂದು ಗುಲಾಬಿ ಹೂವು. ಕೆಳಗೆ ‘ಎಲ್ಲಾ ಬೆಳೆಗಳಿಗೂ’ ಅಂತ ಕನ್ನಡದಲ್ಲಿ ಒಂದು ಸಾಲು. ಇಡೀ ಪ್ಯಾಕೆಟ್ ಮೇಲಿರುವ ಕನ್ನಡ ಅಷ್ಟೇ. ನನ್ನ ತಕರಾರು ಇರುವುದೂ ಆ ಒಂದು ಸಾಲಿನ ಮೇಲೆಯೇ.

ಕೊಂಡಿದ್ದು ಹೋದ ವರ್ಷ ಜುಲೈನಲ್ಲಿ, ದಾವಣಗೆರೆ ಎಪಿಎಂಸಿ ಕಡೆಯ ಒಂದು ಗೊಬ್ಬರದಂಗಡಿಯಲ್ಲಿ. ನಮ್ಮದು ಜಗಳೂರು ತಾಲ್ಲೂಕು. ನಾಲ್ಕು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ, ಮಳೆ ನಂಬಿದ ಮೆಕ್ಕೆಜೋಳ. ಯಜಮಾನರು ದಾವಣಗೆರೆಯಲ್ಲಿ ಕೆಲಸಕ್ಕಿದ್ದಾರೆ. ಹೊಲ ನಾನು ಮತ್ತು ಮಾವನವರು ನೋಡಿಕೊಳ್ಳುತ್ತೇವೆ. ಪೈರಿಗೆ ಇಪ್ಪತ್ತು ದಿನ ತುಂಬಿರಬೇಕು, ಸುಳಿಯ ಎಲೆಗಳಲ್ಲಿ ಬಿಳಿ ಪಟ್ಟಿ ಕಾಣಿಸಿತು. ಎಲೆಯ ನಡುದಿಂಡು ಹಸಿರು, ಅಂಚೂ ಹಸಿರು. ಅವೆರಡರ ಮಧ್ಯೆ ಬುಡದಿಂದ ಮೇಲಕ್ಕೆ ಸುಣ್ಣ ಬಳಿದ ಹಾಗೆ. ಮೂರು ವರ್ಷದ ಹಿಂದೆ ಜೆಸಿಬಿ ತರಿಸಿ ಮಟ್ಟ ಮಾಡಿಸಿದ ಮೂಲೆಯಲ್ಲಿ ಅದು ಜಾಸ್ತಿ. ಮೇಲ್ಮಣ್ಣು ಕೆರೆದು ಹಾಕಿದ ಜಾಗ ಅದು. ಎರಡು ಗಿಡ ಬೇರುಸಹಿತ ಕಿತ್ತು, ಒದ್ದೆ ಬಟ್ಟೆ ಸುತ್ತಿ, ಹಾಲಿನ ಕವರಿಗೆ ಹಾಕಿಕೊಂಡು ಬಸ್ ಹತ್ತಿದೆ.

ಅಂಗಡಿಯವರು ಗಿಡ ನೋಡಿದ್ದು ಎರಡೇ ಸೆಕೆಂಡು. "ಜಿಂಕ್ ಕಮ್ಮಿ ಅಕ್ಕಾ" ಅಂದರು. ಸರಿಯಾಗಿಯೇ ಹೇಳಿದ್ದರು, ಅಷ್ಟಕ್ಕೆ ಅವರಿಗೆ ಪೂರ್ತಿ ಅಂಕ. ಆಮೇಲೆ ಹಸಿರು ಪ್ಯಾಕೆಟ್ ಮುಂದಿಟ್ಟರು. ಜಿಂಕ್ ಒಂದೇ ಅಲ್ಲ, ಆರೂ ಲಘು ಪೋಷಕಾಂಶ ಇದೆ, ಯಾವ ಬೆಳೆಗೆ ಬೇಕಾದರೂ ಹೊಡೆಯಬಹುದು, ಮೂರು ತಗೊಂಡರೆ 1,500 ಮಾಡಿಕೊಡ್ತೀನಿ. 60 ರೂಪಾಯಿ ಉಳಿಯುತ್ತೆ ಅಂತ ಮೂರು ತಗೊಂಡೆ. ಒಂದು ನಮಗೆ. ಒಂದು ಚಳ್ಳಕೆರೆ ಕಡೆಯ ನನ್ನ ತವರಿಗೆ, ಅಲ್ಲಿ ಅಪ್ಪನ ಶೇಂಗಾ ಹಳದಿ ತಿರುಗಿದೆ ಅಂತ ತಮ್ಮ ಫೋನ್ ಮಾಡಿದ್ದ. ಇನ್ನೊಂದು ಮಲೇಬೆನ್ನೂರು ಹತ್ತಿರ ಇರುವ ನಾದಿನಿಗೆ. ಅವರದು ಭದ್ರಾ ನಾಲೆಯ ಗದ್ದೆ.

ಹೀಗೆ 60 ರೂಪಾಯಿ ಆಸೆಗೆ ನನ್ನ ಕೈಯಲ್ಲೇ ಒಂದು ಪ್ರಯೋಗ ಆಗಿಹೋಯಿತು.

ನಮ್ಮ ಹೊಲದ್ದು ಮೊದಲು ಹೇಳುತ್ತೇನೆ. ಲೀಟರಿಗೆ ಎರಡೂವರೆ ಗ್ರಾಂ ಹಾಕಿ ಅಂತ ಹಿಂದುಗಡೆ ಇರುವೆ ಗಾತ್ರದ ಅಕ್ಷರದಲ್ಲಿದೆ. ಒಳಗೆ ಚಮಚ ಇಲ್ಲ. ಮಗನ ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದೆ. ಹೊಡೆದ ಒಂದು ವಾರಕ್ಕೆ ಹೊಸ ಎಲೆ ಸ್ವಲ್ಪ ಹಸಿರಾಗಿ ಬಂತು. ಖುಷಿಯಾಯಿತು. ಇನ್ನೆರಡು ವಾರಕ್ಕೆ ಜೆಸಿಬಿ ಮೂಲೆಯಲ್ಲಿ ಮತ್ತೆ ಬಿಳಿ ಪಟ್ಟಿ. ಆಗ ಲೇಬಲ್ ಓದಿದೆ. ಕೊಳ್ಳುವಾಗಲೇ ಓದಬೇಕಿತ್ತು. 1985ರ ರಸಗೊಬ್ಬರ ನಿಯಂತ್ರಣ ಆದೇಶ ಇದೆ, ಯಾವುದು ಶೇಕಡಾ ಎಷ್ಟು ಅಂತ ಬರೆಯಲೇಬೇಕು. ಬರೆದಿದ್ದರು. ಜಿಂಕ್ 3, ಕಬ್ಬಿಣ 2.5, ಮ್ಯಾಂಗನೀಸ್ 1, ತಾಮ್ರ 0.5, ಬೋರಾನ್ 0.5, ಮಾಲಿಬ್ಡಿನಮ್ 0.1.

ಮನೆಯ ಗೋಡೆಯ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ಎಕರೆಗೆ 200 ಲೀಟರ್ ನೀರು ಅಂದರೆ ಪುಡಿ ಅರ್ಧ ಕೆಜಿ. ಅದರಲ್ಲಿ ಜಿಂಕ್ ಬರೀ 15 ಗ್ರಾಂ. ಸಾದಾ ಜಿಂಕ್ ಸಲ್ಫೇಟ್‌ನಲ್ಲಿ ಶೇಕಡಾ 21 ಜಿಂಕ್ ಇರುತ್ತೆ. ಅರ್ಧ ಪರ್ಸೆಂಟ್ ದ್ರಾವಣ ಮಾಡಿದರೆ 200 ಲೀಟರಿಗೆ ಒಂದು ಕೆಜಿ, ಅಂದರೆ 210 ಗ್ರಾಂ ಜಿಂಕ್. ಆ ಒಂದು ಕೆಜಿಗೆ ನಾನು ಆಮೇಲೆ ಕೊಟ್ಟಿದ್ದು 75 ರೂಪಾಯಿ. ಪ್ಯಾಕೆಟ್‌ನಲ್ಲಿರುವುದು ಇಡಿಟಿಎ ಅನ್ನುವ ರಾಸಾಯನಿಕದ ಕೀಲಿ ಹಾಕಿದ, ಅಂದರೆ ಅದರ ಹಿಡಿತದಲ್ಲಿಟ್ಟ ಜಿಂಕ್, ಎಲೆ ಸುಡುವುದಿಲ್ಲ, ನೀರಲ್ಲಿ ಚೆನ್ನಾಗಿ ಕರಗುತ್ತೆ. ಹಾಗಾಗಿ ಗ್ರಾಂಗೆ ಗ್ರಾಂ ತೂಗಿ ನೋಡುವುದು ಪೂರ್ತಿ ನ್ಯಾಯ ಅಲ್ಲ. ಆದರೂ 15 ಎಲ್ಲಿ, 210 ಎಲ್ಲಿ? ಸಲ್ಫೇಟ್ ಹೊಡೆಯುವಾಗ ಅದರ ಅರ್ಧದಷ್ಟು ಸುಣ್ಣದ ತಿಳಿ ಸೇರಿಸಬೇಕು, ಇಲ್ಲದಿದ್ದರೆ ಎಲೆ ಸುಡುತ್ತೆ. ಮಾವನವರು ಒಂದು ಟ್ಯಾಂಕ್ ಸುಣ್ಣ ಇಲ್ಲದೆ ಹೊಡೆದರು. ಎಂಟು ಸಾಲಿನ ಎಲೆ ತುದಿ ಬೀಡಿ ಸುಟ್ಟ ಹಾಗಾಯಿತು. ಇದರಲ್ಲಿ ಪ್ಯಾಕೆಟ್‌ನ ತಪ್ಪೇನೂ ಇಲ್ಲ.

ಜಿಂಕ್ ಯಾಕೆ ಕಮ್ಮಿ ಆಯಿತು ಅನ್ನುವುದಕ್ಕೆ ಮಣ್ಣು ಪರೀಕ್ಷೆಗೆ ಕೊಟ್ಟೆ. ಇಲ್ಲೊಂದು ಪೆದ್ದುತನ ಮಾಡಿದೆ. ಹೊಲದ ಹತ್ತು ಕಡೆ ಗುಂಡಿ ತೆಗೆದು, ಗೇಣುದ್ದ ಆಳದ ಮಣ್ಣು ಕೆರೆದು, ಕೊಟ್ಟಿಗೆಯ ತಗಡಿನ ಬಕೆಟ್‌ನಲ್ಲಿ ಕಲಸಿ, ಅರ್ಧ ಕೆಜಿ ಚೀಲಕ್ಕೆ ಕಟ್ಟಿಕೊಂಡು ಹೋದೆ. ಕೃಷಿ ವಿಜ್ಞಾನ ಕೇಂದ್ರದ ಮೇಡಂ ಮೊದಲು ಕೇಳಿದ್ದೇ "ಯಾವುದರಲ್ಲಿ ಕಲಸಿದ್ರಿ?" ಅಂತ. ಬಕೆಟ್ ಅಂದೆ. ಅವರು ನಕ್ಕರು. ಆ ಹೊಳೆಯುವ ತಗಡಿನ ಮೇಲೆ ಇರುವುದೇ ಜಿಂಕ್ ಲೇಪನ. ಜಿಂಕ್ ಎಷ್ಟಿದೆ ಅಂತ ನೋಡುವ ಮಣ್ಣನ್ನು ಜಿಂಕ್ ಬಕೆಟ್‌ನಲ್ಲೇ ಕಲಸಿದ್ದೆ! ಪ್ಲಾಸ್ಟಿಕ್ ಟಬ್ ಮತ್ತು ಬಿದಿರಿನ ಸೀಳು ಇಟ್ಟುಕೊಂಡು ಮತ್ತೆ ಮಾಡಿದೆ. ಎರಡನೇ ಸಲದ ಚೀಲ ಬೇರೊಂದು ಲ್ಯಾಬಿಗೆ ಹೋಯಿತು, ರಿಪೋರ್ಟ್ ಬರಲು ಐವತ್ತು ದಿನ. ಜೋಳ ಆಗಲೇ ತೆನೆ ಕಟ್ಟಿತ್ತು. ಮಣ್ಣಿನ ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶ ಇರುತ್ತೆ, ನಾನು ನೋಡಿದ್ದು ಎರಡೇ. ಜಿಂಕ್ 0.38 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು ಅಂತ), 0.6ಕ್ಕಿಂತ ಕೆಳಗಿದ್ದರೆ ಕೊರತೆ. ರಂಜಕ ಮಾತ್ರ ‘ಅಧಿಕ’.

ರಂಜಕ ಅಧಿಕ ಅನ್ನುವುದು ಮಾವನವರ ಕೊಡುಗೆ. ಅವರಿಗೆ ಡಿಎಪಿ ಅನ್ನುವ ರಂಜಕದ ಗೊಬ್ಬರ ಅಂದರೆ ದೇವರ ತೀರ್ಥ ಇದ್ದ ಹಾಗೆ, ಬೇಕೋ ಬೇಡವೋ ಎಕರೆಗೊಂದು ಚೀಲ ಬೀಳಲೇಬೇಕು. ರಂಜಕ ಜಾಸ್ತಿ ಆದರೆ ಗಿಡಕ್ಕೆ ಜಿಂಕ್ ಸರಿಯಾಗಿ ಸಿಗುವುದಿಲ್ಲ. ಜಿಂಕ್ ಅನ್ನುವುದು ಮಣ್ಣಲ್ಲಿ ನೀರಿನ ಜೊತೆ ಹರಿದು ಬರುವ ವಸ್ತು ಅಲ್ಲ, ಬೇರೇ ಅದರ ಹತ್ತಿರ ಹೋಗಬೇಕು. ಬೇರಿನ ಕೈ ಉದ್ದ ಮಾಡುವುದು ಒಂದು ಜಾತಿಯ ಶಿಲೀಂಧ್ರ, ನೂಲಿಗಿಂತ ಸಣ್ಣ ಎಳೆ ಬಿಟ್ಟು ದೂರದಿಂದ ರಂಜಕ, ಜಿಂಕ್ ತಂದುಕೊಡುತ್ತೆ. ರಂಜಕ ತಟ್ಟೆಯಲ್ಲೇ ಬಿದ್ದಿದ್ದರೆ ಗಿಡ ಈ ಆಳನ್ನು ಇಟ್ಟುಕೊಳ್ಳುವುದಿಲ್ಲ. ಆಳು ಹೋದರೆ ಜಿಂಕೂ ಹೋಯಿತು. ನಮ್ಮ ಕಡೆ ಈರುಳ್ಳಿ ಹಾಕುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಈರುಳ್ಳಿ ಕಿತ್ತು ಬೇರು ನೋಡಿ, ಬೋಳು ದಾರದ ಹಾಗಿರುತ್ತೆ, ಬೇರುಗೂದಲು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೆ ಆ ಶಿಲೀಂಧ್ರವೇ ಗತಿ.

ಸರಿ, ಶೇಂಗಾಕ್ಕೆ ಬರೋಣ. ನಾನು ಕಣ್ಣು ಬಿಟ್ಟಿದ್ದು ಅಲ್ಲಿ.

ತವರಿನ ಹೊಲದ ಮಣ್ಣಲ್ಲಿ ಸುಣ್ಣದ ಹರಳು. ಚಿಕ್ಕಂದಿನಲ್ಲಿ ನಾವು ಆರಿಸಿ ಗಜ್ಜುಗದ ಬದಲು ಆಡುತ್ತಿದ್ದೆವು. ತಮ್ಮ ಬಾತ್‌ರೂಮ್ ತೊಳೆಯುವ ಆಸಿಡ್ ಎರಡು ಹನಿ ಆ ಮಣ್ಣಿನ ಮೇಲೆ ಬಿಟ್ಟು ತೋರಿಸಿದ, ಬುಸ್ ಅಂತ ನೊರೆ ಎದ್ದಿತು. ಮಣ್ಣಿನ ಹುಳಿ-ಕ್ಷಾರ ಅಳೆಯುವ ಪಿಎಚ್ 8.3, ಅಂದರೆ ಕ್ಷಾರದ ಕಡೆ. ಆ ವರ್ಷ ಒಂದು ವಾರ ಬಿಡದೆ ಜಿಟಿಜಿಟಿ ಮಳೆ ಹಿಡಿದಿತ್ತು. ಮಳೆ ನಿಂತ ಮೇಲೆ ನೋಡಿದರೆ ಶೇಂಗಾದ ತುದಿ ಎಲೆಗಳೆಲ್ಲ ನಿಂಬೆಹಣ್ಣಿನ ಬಣ್ಣ, ನರ ಮಾತ್ರ ಹಸಿರು. ಕೆಳಗಿನ ಹಳೆ ಎಲೆ ಚೆನ್ನಾಗೇ ಇತ್ತು. ಕಬ್ಬಿಣದ ಕೊರತೆಯ ಗುರುತು ಇದು. ಗಿಡ ಹಳೆ ಎಲೆಯಲ್ಲಿರುವ ಕಬ್ಬಿಣವನ್ನು ಎತ್ತಿ ಹೊಸ ಎಲೆಗೆ ಕೊಡಲಾರದು. ಒಂದು ಸಲ ಸೇರಿದ್ದು ಅಲ್ಲೇ ಉಳಿಯಿತು.

ಅಪ್ಪ ಹಸಿರು ಪ್ಯಾಕೆಟ್ ಅರ್ಧ ಎಲೆಗೆ ಹೊಡೆದರು. ಐದಾರು ದಿನಕ್ಕೆ ಹಸಿರಾಯಿತು, ನಿಜ. ಆದರೆ ಅದಾದ ಮೇಲೆ ಬಂದ ಎಲೆ ಮತ್ತೆ ಹಳದಿ. ಉಳಿದ ಅರ್ಧವನ್ನು ತಮ್ಮ ಬಿಂದಿಗೆಯಲ್ಲಿ ಕರಗಿಸಿ ಬುಡಕ್ಕೆ ಸುರಿದ. ಅದಂತೂ ದಂಡ. 250 ರೂಪಾಯಿ ಸುಣ್ಣದಲ್ಲಿ ಇಂಗಿತು. ಇಡಿಟಿಎ ಕೀಲಿ ಸುಣ್ಣದ ಮಣ್ಣಿನಲ್ಲಿ ಕಬ್ಬಿಣವನ್ನು ಕೈಬಿಟ್ಟು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ. ಅಂಥ ಮಣ್ಣಿಗೆ ಇಡಿಡಿಎಚ್ಎ ಅನ್ನುವ ಇನ್ನೊಂದು ಕೀಲಿಯ ಕಬ್ಬಿಣ ಬೇಕು, ಕಡುಕೆಂಪು ಪುಡಿ, ಬೆಲೆ ಕೇಳಿದರೆ ಮುಖವೂ ಕೆಂಪಗಾಗುತ್ತೆ. ಲೇಬಲ್ ಮೇಲೆ ‘ಸುಣ್ಣದ ಮಣ್ಣಿಗೆ ಬುಡಕ್ಕೆ ಹಾಕಬೇಡಿ’ ಅಂತ ಒಂದು ಸಾಲು ಬರೆದಿದ್ದರೆ ಗುಲಾಬಿ ಹೂವಿನ ಜಾಗದಲ್ಲಿ ಹಿಡಿಸುತ್ತಿತ್ತು.

ಇಷ್ಟೆಲ್ಲ ಆಗಿ, ವರಮಹಾಲಕ್ಷ್ಮಿ ಹಬ್ಬಕ್ಕೆ ತವರಿಗೆ ಹೋದಾಗ ಹೊಲಕ್ಕೆ ಒಂದು ಸುತ್ತು ಹಾಕಿದೆ. ಅಪ್ಪ ದನಕ್ಕೆ ಮೇವಾಗಲಿ ಅಂತ ಒಂದು ಬದಿಯಲ್ಲಿ ಶೇಂಗಾದ ಮಧ್ಯೆ ಮೆಕ್ಕೆಜೋಳದ ಅಕ್ಕಡಿ ಸಾಲು ಹಾಕಿದ್ದರು. ಜೋಳದ ಪಕ್ಕದ ಶೇಂಗಾ ಸಾಲು ಹಸಿರು. ಅದರ ಆಚೆಯದು ಸ್ವಲ್ಪ ಮಾಸಲು. ಆಮೇಲಿನದು ಹಳದಿ. ಮೊದಲು ನೆರಳಿನ ಆಟ ಅಂದುಕೊಂಡೆ. ಬಗ್ಗಿ ಎಲೆ ಕಿತ್ತು ಅಂಗೈ ಮೇಲೆ ಪಕ್ಕಪಕ್ಕ ಇಟ್ಟೆ. ಮೂರು ಎಲೆ, ಮೂರು ಬಣ್ಣ. ಒಂದೇ ಮಣ್ಣು, ಒಂದೇ ಬೀಜ, ಒಂದೇ ದಿನ ಬಿತ್ತಿದ್ದು. ಅಪ್ಪನನ್ನು ಕೇಳಿದರೆ "ಅಕ್ಕಡಿ ಹಾಕಿದ ಕಡೆ ಯಾವಾಗಲೂ ಹಂಗೇ" ಅಂದರು, ಅದೇನು ದೊಡ್ಡ ವಿಷಯ ಅನ್ನುವ ಹಾಗೆ.

ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಅವರು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ನನಗೆ ಅರ್ಥ ಆಗಿದ್ದು ಇಷ್ಟು. ಮಣ್ಣಲ್ಲಿ ಕಬ್ಬಿಣಕ್ಕೆ ಬರ ಇಲ್ಲ, ನಮ್ಮ ಮಣ್ಣು ಕೆಂಪಗಿರುವುದೇ ಅದರಿಂದ. ಆದರೆ ಅದು ತುಕ್ಕಿನ ರೂಪದಲ್ಲಿ ಬಿಗಿಯಾಗಿ ಕೂತಿದೆ. ಪಿಎಚ್ ಒಂದು ಅಂಕ ಏರಿದರೆ ಕರಗುವ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತೆ, ಜಿಂಕ್ ನೂರು ಪಟ್ಟು. ಈ ಬೀಗ ತೆಗೆಯಲು ಗಿಡಗಳಲ್ಲಿ ಎರಡು ದಾರಿ. ಶೇಂಗಾ, ತೊಗರಿ, ಟೊಮ್ಯಾಟೊ, ಸೂರ್ಯಕಾಂತಿ, ಹೀಗೆ ದ್ವಿದಳದ ಗಿಡಗಳು ಬೇರಿನಿಂದ ಹುಳಿ ಬಿಡುತ್ತವೆ. ಹುಳಿಗೆ ತುಕ್ಕು ಸಡಿಲ ಆಗುತ್ತೆ, ಬೇರಿನ ಮೈ ಮೇಲೇ ಅದನ್ನು ಹೀರುವ ರೂಪಕ್ಕೆ ಬದಲಿಸಿ ಒಳಗೆ ಎಳೆದುಕೊಳ್ಳುತ್ತವೆ. ಹುಣಸೆಹಣ್ಣು ಹಾಕಿ ತಾಮ್ರದ ಚೊಂಬು ಉಜ್ಜುವ ಹಾಗೆ ಅಂತ ನಾನು ಅಂದೆ, ಅವರು ಒಪ್ಪಿದರು. ಆದರೆ ಸುಣ್ಣ ತುಂಬಿದ ಮಣ್ಣಲ್ಲಿ ಬಿಟ್ಟ ಹುಳಿಯನ್ನೆಲ್ಲ ಸುಣ್ಣವೇ ನುಂಗಿಬಿಡುತ್ತೆ. ಮಳೆ ಹಿಡಿದು ಮಣ್ಣು ಉಸಿರು ಕಟ್ಟಿದಾಗ ಇನ್ನೂ ಕಷ್ಟ. ಜಿಟಿಜಿಟಿ ಮಳೆ ಆದ ಮೇಲೆ ಶೇಂಗಾ ಹಳದಿ ತಿರುಗಿದ್ದು ಅದಕ್ಕೇ.

ಹುಲ್ಲಿನ ಜಾತಿಯವು, ಅಂದರೆ ಮೆಕ್ಕೆಜೋಳ, ಬಿಳಿಜೋಳ, ಗೋಧಿ, ಭತ್ತ, ಬೇರೆ ದಾರಿ ಹಿಡಿದಿವೆ. ಅವು ಹುಳಿಯನ್ನು ನಂಬುವುದಿಲ್ಲ. ಬೇರಿನಿಂದ ಒಂದು ರಸ ಹೊರಗೆ ಬಿಡುತ್ತವೆ. ಅದು ಹೋಗಿ ಕಬ್ಬಿಣವನ್ನು ಇಕ್ಕಳದ ಹಾಗೆ ಹಿಡಿದುಕೊಳ್ಳುತ್ತೆ, ಬೇರು ಇಕ್ಕಳದ ಸಮೇತ ಒಳಗೆ ಎಳೆದುಕೊಳ್ಳುತ್ತೆ. ಫೈಟೋಸಿಡೆರೋಫೋರ್ ಅಂತ ಅದಕ್ಕೆ ಹೆಸರು, ‘ಗಿಡದ ಕಬ್ಬಿಣ ಹೊರುವವ’ ಅನ್ನುವ ಅರ್ಥದ ಗ್ರೀಕ್ ಮಾತು. ಓಟ್ಸ್ ಮತ್ತು ಭತ್ತದ ಬೇರು ತೊಳೆದ ನೀರಿನಲ್ಲಿ ಇಂಥ ರಸ ಇದೆ ಅಂತ ಜಪಾನಿನ ತಕಾಗಿ ಅನ್ನುವವರು 1976ರಲ್ಲಿ ಬರೆದರು. ಸುಣ್ಣದ ಮಣ್ಣಿಗೂ ಈ ಇಕ್ಕಳ ಜಗ್ಗುವುದಿಲ್ಲ. ಅದು ಬಿಡಿಸಿದ ಕಬ್ಬಿಣದ ಲಾಭ ಪಕ್ಕದ ಶೇಂಗಾಕ್ಕೂ ಸಿಗುತ್ತೆ. ಚೀನಾದಲ್ಲಿ ಇದೇ ಜೋಡಿಯನ್ನು, ಶೇಂಗಾ ಮತ್ತು ಮೆಕ್ಕೆಜೋಳವನ್ನು, ಸುಣ್ಣದ ಮಣ್ಣಲ್ಲಿ ಒಟ್ಟಿಗೆ ಬೆಳೆಸಿ ನೋಡಿ 2000ನೇ ಇಸವಿಯಲ್ಲೇ ಪ್ರಕಟಿಸಿದ್ದಾರಂತೆ. ಒಂಟಿ ಶೇಂಗಾ ಹಳದಿ, ಜೋಳದ ಪಕ್ಕದ್ದು ಹಸಿರು. ಅಪ್ಪನಿಗೆ ಹೇಳಿದೆ. "ಅವರಿಗೂ ದನ ಇದ್ವೇನೋ" ಅಂದರು.

ಹಾಗಾದರೆ ಇಷ್ಟು ಜಾಣ ಜೋಳಕ್ಕೆ ನಮ್ಮ ಹೊಲದಲ್ಲಿ ಬಿಳಿ ಪಟ್ಟಿ ಯಾಕೆ ಬಂತು ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಬಾರ್ಲಿ, ಗೋಧಿ ಈ ರಸವನ್ನು ಧಾರಾಳ ಬಿಡುತ್ತವಂತೆ, ಮೆಕ್ಕೆಜೋಳ ಜಿಪುಣ. ಅದರ ಮೇಲೆ ಜಿಂಕ್ ಕೊರತೆಗೆ ಮೊದಲು ಮುಖ ಬಾಡಿಸುವ ಬೆಳೆಗಳಲ್ಲಿ ಇದೂ ಒಂದು. ಮಣ್ಣಲ್ಲಿ ಇಲ್ಲದ್ದನ್ನು ಯಾವ ಇಕ್ಕಳ ತಂದುಕೊಡುತ್ತೆ?

ಶೇಂಗಾದ್ದು ಇನ್ನೊಂದು ವಿಚಿತ್ರ, ಪ್ಯಾಕೆಟ್‌ಗೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. ಅದರ ಕಾಯಿಗೆ ಬೇಕಾದ ಕ್ಯಾಲ್ಸಿಯಂ ಬೇರಿನಿಂದ ಸಾಲದು. ಮಣ್ಣೊಳಗೆ ಇಳಿದ ಕಾಯಿಯೇ ಸುತ್ತಲಿನ ಮಣ್ಣಿಂದ ನೇರವಾಗಿ ಹೀರಿಕೊಳ್ಳಬೇಕು. ಹೂವಾಡುವಾಗ ಸಾಲಿಗೆ ಕ್ಯಾಲ್ಸಿಯಂ ಇರುವ ಜಿಪ್ಸಮ್ ಹಾಕುವುದು ಇದಕ್ಕೇ. ಎಲೆಗೆ ಎಷ್ಟು ಕ್ಯಾಲ್ಸಿಯಂ ಹೊಡೆದರೂ ಕಾಯಿಗೆ ಇಳಿಯುವುದಿಲ್ಲ. ಬೋರಾನ್ ಕಮ್ಮಿಯಾದರೆ ಕಾಯಿ ಹೊರಗೆ ಚೆನ್ನಾಗಿದ್ದು ಬೀಜದ ಹೊಟ್ಟೆಯಲ್ಲಿ ಕಂದು ಗುಳಿ ಬೀಳುತ್ತೆ. ಒಡೆದು ನೋಡಿದರಷ್ಟೇ ಗೊತ್ತಾಗುತ್ತೆ.

ನಾದಿನಿಯ ಗದ್ದೆಯದು ಚಿಕ್ಕ ಕಥೆ. ನಾಟಿ ಆದ ಮೂರು ವಾರಕ್ಕೆ ಕೆಳಗಿನ ಎಲೆಗಳ ಮೇಲೆ ತುಕ್ಕಿನ ಚುಕ್ಕೆ, ಪೈರು ಅಲ್ಲಲ್ಲಿ ಕುಳ್ಳಗೆ. ಉತ್ತರ ಭಾರತದಲ್ಲಿ ಇದಕ್ಕೆ ಖೈರಾ ರೋಗ ಅಂತ ಹೆಸರಿತ್ತು, ರೋಗ ಅಲ್ಲ ಜಿಂಕ್ ಕೊರತೆ ಅಂತ 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ವೈ. ಎಲ್. ನೆನೆ ತೋರಿಸಿಕೊಟ್ಟರು. ನೀರು ನಿಂತ ಗದ್ದೆಯಲ್ಲಿ ಲೆಕ್ಕ ಉಲ್ಟಾ. ಗಾಳಿ ಇಲ್ಲದ ಮಣ್ಣಲ್ಲಿ ತುಕ್ಕು ತಾನೇ ಕರಗಿ ಕಬ್ಬಿಣ, ಮ್ಯಾಂಗನೀಸ್ ಬೇಕಾದಷ್ಟು ಸಿಗುತ್ತೆ. ಸಿಗುವ ಜಿಂಕ್ ಮಾತ್ರ ಇಳಿಯುತ್ತೆ. ಅಂದರೆ ಹಸಿರು ಪ್ಯಾಕೆಟ್‌ನ ಕಬ್ಬಿಣ, ಮ್ಯಾಂಗನೀಸ್‌ಗೆ ಕೊಟ್ಟ ದುಡ್ಡು ಅವರಿಗೆ ಪೂರ್ತಿ ಹೆಚ್ಚುವರಿ. ನೀರು ಬಸಿದು, ಸುಣ್ಣದ ತಿಳಿ ಸೇರಿಸಿದ ಜಿಂಕ್ ಸಲ್ಫೇಟ್ ಎರಡು ಸಲ ಹೊಡೆದ ಮೇಲೆ ಪೈರು ಎದ್ದಿತು. ನಾದಿನಿ ಪ್ಯಾಕೆಟ್ ದುಡ್ಡು ಕೊಡಲು ಬಂದಳು, ನಾನೇ ಬೇಡ ಅಂದೆ. ನಾಚಿಕೆಯಾಯಿತು.

ಅಂಕ ಕೇಳುವವರಿಗೆ: ಶೇಂಗಾ ಎಲೆಗೆ ಹೊಡೆಯಲು ಐದಕ್ಕೆ ಮೂರು, ಆದರೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಮತ್ತೆ ಹೊಡೆಯುವ ತಯಾರಿ ಇರಲಿ. ಮೆಕ್ಕೆಜೋಳಕ್ಕೆ ಎರಡು. ಭತ್ತಕ್ಕೆ ಒಂದು, ಅದೂ ಚೆನ್ನಾಗಿ ಕರಗುತ್ತೆ ಅನ್ನುವ ಕಾರಣಕ್ಕೆ, ನಾಜಲ್ ಒಂದು ಸಲವೂ ಕಟ್ಟಲಿಲ್ಲ. ಮನೆ ಹಿತ್ತಲಿನ ಟೊಮ್ಯಾಟೊಗೆ ಹೊಡೆದಿದ್ದು ಚೆನ್ನಾಗಿಯೇ ಕೆಲಸ ಮಾಡಿತು. ಗುಲಾಬಿ ನಮ್ಮನೆಯಲ್ಲಿಲ್ಲ. ಪ್ಯಾಕಿಂಗ್ ಬಗ್ಗೆ ಹೇಳಬೇಕಾದ್ದು, ಒಂದು ಸಲ ಕತ್ತರಿಸಿದರೆ ಮತ್ತೆ ಮುಚ್ಚಲು ಜಿಪ್ ಇಲ್ಲ. ಕೊಟ್ಟಿಗೆಯ ಮೊಳೆಗೆ ನೇತು ಹಾಕಿದ್ದ ನನ್ನ ಕಾಲು ಪ್ಯಾಕೆಟ್ ಒಂದೇ ಮಳೆಗಾಲದಲ್ಲಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಯಿತು.

ಅಂಗಡಿಯವರ ಮೇಲೆ ಸಿಟ್ಟಿಲ್ಲ. ಬಿಲ್ ಕೊಟ್ಟರು, ಬ್ಯಾಚ್ ನಂಬರ್ ಸಮೇತ. ಎಷ್ಟೋ ಕಡೆ ಕೇಳಿದರೂ ಕೊಡುವುದಿಲ್ಲ. ಈ ಸಲ ಬಿತ್ತನೆಗೆ ಮುಂಚೆ ಅವರ ಹತ್ತಿರವೇ ಹೋದೆ. ಎಕರೆಗೆ ಹತ್ತು ಕೆಜಿ ಲೆಕ್ಕದಲ್ಲಿ ಜಿಂಕ್ ಸಲ್ಫೇಟ್ ನಾಲ್ಕು ಚೀಲ ಕೇಳಿದೆ. ಒಂದು ಸಲ ಹಾಕಿದರೆ ಎರಡು ಮೂರು ಬೆಳೆಗೆ ಬರುತ್ತೆ. "ಡಿಎಪಿ ಜೊತೆ ಕಲಸಿ ಹಾಕ್ತೀರಾ?" ಅಂದರು. ಇಲ್ಲ, ಎರಡೂ ಸೇರಿದರೆ ಗಟ್ಟಿಯಾಗಿ ಕೂತುಬಿಡುತ್ತೆ, ತಿಪ್ಪೆಗೊಬ್ಬರದ ಜೊತೆ ಬೇರೆಯಾಗಿ ಹಾಕ್ತೀವಿ ಅಂದೆ. ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಡಿಎಪಿ ಎಷ್ಟು ಅಂತ ಕೇಳಿದರು. ನಾಲ್ಕು ಎಕರೆಗೆ ಎರಡೇ ಚೀಲ ಅಂದೆ. ಮಾವನವರು ಪಕ್ಕದಲ್ಲಿ ನಿಂತಿದ್ದವರು ಬೇರೆ ಕಡೆ ತಿರುಗಿದರು.

ಅಪ್ಪನಿಗೆ ಫೋನ್ ಮಾಡಿ ಪೇಟೆಯಲ್ಲಿದ್ದೀನಿ, ಶೇಂಗಾಕ್ಕೆ ಏನು ತರಲಿ ಅಂತ ಕೇಳಿದೆ. ಎರಡು ಸೇರು ಮೆಕ್ಕೆಜೋಳದ ಬೀಜ ತಾ ಅಂದರು.